ಟ್ರಂಪೆಟ್‌ನಲ್ಲಿ ಶಿವರಂಜನಿ: ಕೊನೆಗೂ ಕೈಗೆ ಬಂತು

ಶಿವರಂಜನಿ ರಾಗದ ಛಾಯೆ ಇರುವ ಒಂದು ಹಳೆ ಭಾವಗೀತೆಯನ್ನು ಬರೀ ಟ್ರಂಪೆಟ್‌ನಲ್ಲಿ ರೆಕಾರ್ಡ್ ಮಾಡುತ್ತೇನೆ ಅಂದಾಗ ನಮ್ಮ ಬ್ಯಾಂಡಿನವರೇ ನಂಬಲಿಲ್ಲ. "ಟ್ರಂಪೆಟ್ ದಿಬ್ಬಣಕ್ಕೆ ಸರಿ. ಅದರಲ್ಲಿ ಅಳು ಬರ್ತದಾ ಮಾರಾಯ?" ಬರುತ್ತದೆ. ಈಗ ಅವರ ಫೋನಿನಲ್ಲೇ ಅದು ಇದೆ.

ಧೈರ್ಯ ಕೊಟ್ಟದ್ದು ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್. ಸಿಂಡಿ ಲಾಪರ್ ಹಾಡಿದ 'ಟೈಮ್ ಆಫ್ಟರ್ ಟೈಮ್' ಅನ್ನು ಅವರು 1985ರ ಆಲ್ಬಮ್ಮಿನಲ್ಲಿ ಹಾರ್ಮನ್ ಮ್ಯೂಟ್ ಹಾಕಿ ನುಡಿಸಿದ್ದಾರೆ. ಮ್ಯೂಟ್ ಅಂದರೆ ದನಿ ತಗ್ಗಿಸಲು, ಬದಲಿಸಲು ಟ್ರಂಪೆಟ್‌ನ ಬಾಯಿಗೆ ಸಿಕ್ಕಿಸುವ ಬಿರಡೆ, ಹಾರ್ಮನ್ ಅದರಲ್ಲೊಂದು ಬಗೆ. ಮಾತೇ ಇಲ್ಲ, ಆದರೂ ಹಾಡು ಕೈಬಿಟ್ಟು ಹೋಗುವುದಿಲ್ಲ.

ಮೊದಲು ಕಪ್ ಮ್ಯೂಟ್ ಅನ್ನುವ ಇನ್ನೊಂದು ಬಗೆ ನೋಡಿದೆ. ಮೂಗಿನಲ್ಲಿ ಹಾಡಿದ ಹಾಗಾಯಿತು. ಟ್ರಂಪೆಟ್‌ನಂಥದೇ ಇನ್ನೊಂದು ವಾದ್ಯ, ಫ್ಲೂಗಲ್‌ಹಾರ್ನ್, ಎರವಲು ತಂದೆ. ದನಿ ಮೆತ್ತಗೆ, ಆದರೆ ಸಾಹಿತ್ಯದ ಅಕ್ಷರ ಬಿಡಿಸಿ ಕೇಳುವುದಿಲ್ಲ. ಸ್ಟುಡಿಯೋಗೆ ಗಂಟೆಗೆ ಆರುನೂರರ ಹಾಗೆ ನಾಲ್ಕೈದು ಸಾವಿರ ಹೋಯಿತು, ಇಟ್ಟುಕೊಳ್ಳುವಂಥ ಒಂದು ಟೇಕೂ ಸಿಗಲಿಲ್ಲ. ಆಮೇಲೆ ಹಾರ್ಮನ್‌ಗೆ ಎರಡೂವರೆ ಸಾವಿರದಷ್ಟು ಕೊಟ್ಟೆ.

ಅದರ ಒಳಗಿನ ಕೊಳವೆ ತೆಗೆದುಬಿಡಿ. ಮೈಕ್ ಎರಡು ಬೆರಳಿನಷ್ಟು ಹತ್ತಿರ ಇರಲಿ. ಶ್ರುತಿ ಏರುತ್ತದೆ, ಶ್ರುತಿ ಸರಿಮಾಡುವ ಕೊಳವೆ, ಟ್ಯೂನಿಂಗ್ ಸ್ಲೈಡ್, ಹೊರಗೆ ಎಳೆಯಲೇಬೇಕು. ನಮ್ಮೂರ ಮಳೆಗೆ ಮ್ಯೂಟನ್ನು ಹಿಡಿದಿಡುವ ಕಾರ್ಕಿನ ಅಂಟು ಬೇರೆ ಬಿಟ್ಟಿತು. ಒಳ್ಳೆ ಟೇಕಿನ ನಡುವೆ ಮ್ಯೂಟ್ ನೆಲಕ್ಕೆ!

ನಿಜವಾದ ಕೆಲಸ ಗಾಂಧಾರದ್ದು. ಹಾಡಿನ ಷಡ್ಜ ಡಿ, ಅಂದರೆ ನಮ್ಮ ಬಿ ಫ್ಲ್ಯಾಟ್ ಟ್ರಂಪೆಟ್‌ಗೆ ಇ, ಇದರಲ್ಲಿ ಸ್ವರದ ಹೆಸರು ಒಂದು ಸ್ವರ ಮೇಲೆ ಬರುತ್ತದೆ. ಗಾಂಧಾರ ಜಿ, ಓಪನ್, ಅಂದರೆ ಯಾವ ವಾಲ್ವನ್ನೂ (ಬೆರಳಿನ ಗುಂಡಿ) ಒತ್ತುವುದಿಲ್ಲ. ರಿಷಭ ಎಫ್ ಶಾರ್ಪ್, ಎರಡನೇ ವಾಲ್ವ್ ಒತ್ತಬೇಕು. ಹಾಡಿನ ಸಂಕಟವೆಲ್ಲ ಈ ಅರ್ಧ ಸ್ವರದಲ್ಲೇ ಇದೆ. ವಾಲ್ವನ್ನು ಟಕ್ಕಂತ ಒತ್ತಿದರೆ ಬ್ಯಾಂಡ್‌ಸೆಟ್ ಆಗುತ್ತದೆ. ಅರ್ಧ ಒತ್ತಿ, ಉಸಿರು ತಗ್ಗಿಸದೆ, ತುಟಿಯನ್ನೂ ಜೊತೆಗೆ ಇಳಿಸುತ್ತಾ ಜಾರಬೇಕು. ಇದೊಂದಕ್ಕೇ ಎರಡು ತಿಂಗಳು ಹಿಡಿಯಿತು. ಸಾಲಿನ ಕೊನೆಗೆ ಗಂಟಲು ಕಟ್ಟಿದ ಹಾಗೆ ಒಂದು ನಡುಕ ಕೇಳುತ್ತದಲ್ವಾ? ಅದನ್ನು ಹೇಗೆ ತೆಗೆದೆ ಅಂತ ಮಾತ್ರ ಹೇಳುವುದಿಲ್ಲ.

ನಡುವೆ ಒಂದು ಸಂಜೆ, ಸುಮ್ನೆ, ಮಂಗಳೂರಿನ ಜೆಪ್ಪುವಿನ ಮನೆಯ ಮುರಕಲ್ಲಿನ ಬಾವಿಗೆ ಬಗ್ಗಿ ಮ್ಯೂಟ್ ಇಲ್ಲದೆ ನುಡಿಸಿದೆ. ಉದ್ದ ಸ್ವರಕ್ಕೆ ಎಂಥ ಗುಂಗು! ಸ್ವಲ್ಪ ಓಡಿಸಿದರೆ ಎಲ್ಲ ಕಲಸಿಹೋಗುತ್ತದೆ. ಕೊನೆಯ ಷಡ್ಜ ಮಾತ್ರ ಆ ಬಾವಿಯದ್ದೇ ಇಟ್ಟಿದ್ದೇನೆ, ಕಿವಿಗೊಟ್ಟು ಕೇಳಿದರೆ ಗೊತ್ತಾಗುತ್ತದೆ.

ಉಳಿದದ್ದು ಮನೆಯಲ್ಲೇ, ಮಳೆ ಬಿಟ್ಟ ರಾತ್ರಿಗಳಲ್ಲಿ. ಮೈಕ್, ಮ್ಯೂಟ್, ಸ್ಟುಡಿಯೋ ಎಲ್ಲ ಸೇರಿ ಹನ್ನೊಂದು ಸಾವಿರದ ಆಸುಪಾಸು. ಈಗ ರಿಸೆಪ್ಷನ್‌ಗಳಲ್ಲಿ ಊಟದ ಹೊತ್ತಿಗೆ ಇದನ್ನೇ ಕೇಳುತ್ತಾರೆ. ಈ ಒಂದು ಹಾಡಿಗೆ ಬೇರೆಯೇ ರೇಟು ಇಟ್ಟಿದ್ದೇನೆ.