ಮ್ಯಾನೇಜರ್ ಬದಲಾದರು, ರಾಶಿ ಹತ್ತಿರ ಬಂತು: ತೊಗರಿ ಬೆಳೆಗಾರರು ಬ್ಯಾಂಕಿನ ಕೆಲಸ ಮುಗಿಸಿಕೊಳ್ಳುವುದು ಹೇಗೆ?

ಡಿಸೆಂಬರ್ ಬಂತೆಂದರೆ ಕಲಬುರಗಿ, ವಿಜಯಪುರ ಕಡೆ ತೊಗರಿ ಕೊಯ್ಲು ಶುರು. ಹಿಂದೆಯೇ ರಾಶಿ, ಅಂದರೆ ಕಾಳು ಬಿಡಿಸುವ ಕೆಲಸ. ಕೂಲಿಗೆ, ಮಷಿನ್‌ಗೆ, ಹಮಾಲಿಗೆ ದುಡ್ಡು ಬೇಕಾಗುವುದೂ ಆಗಲೇ, ಬ್ಯಾಂಕಿನ ಸಾಲದ ವಾಯಿದೆ ನೆನಪಾಗುವುದೂ ಆಗಲೇ. ಅಂಥ ಹೊತ್ತಲ್ಲಿ ಶಾಖೆಗೆ ಹೋದರೆ ಪರಿಚಯದ ಮ್ಯಾನೇಜರ್ ಇರುವುದಿಲ್ಲ. ಫೀಲ್ಡ್ ಆಫೀಸರೂ ಹೊಸಬರು. ಕೆಲವು ಕಡೆ ಬ್ಯಾಂಕಿನ ಬೋರ್ಡೇ ಬದಲಾಗಿದೆ. 2025ರ ಮೇ 1ರಿಂದ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿವೆ. ಅದರ ಪ್ರಧಾನ ಕಚೇರಿ ಬಳ್ಳಾರಿಯಲ್ಲಿದೆ.

ಹೊಸ ಅಧಿಕಾರಿಗೆ ನಿಮ್ಮ ಹೊಲ ಗೊತ್ತಿಲ್ಲ. ಅವರ ಮುಂದೆ ಇರುವುದು ಕಂಪ್ಯೂಟರಿನಲ್ಲಿರುವ ಖಾತೆ ಮಾತ್ರ. ಹಾಗಾಗಿ ಬಾಯಿಮಾತಿನಲ್ಲಿ ಆದದ್ದನ್ನೆಲ್ಲ ರಾಶಿಗೆ ಮುಂಚೆ ಕಾಗದಕ್ಕೆ ತರಬೇಕು.

ಮೊದಲು ವಾಯಿದೆ ಕೇಳಿ

ಪಾಸ್‌ಬುಕ್, ಆಧಾರ್, ಹೊಸ ಪಹಣಿ, ಎಫ್‌ಐಡಿ (ಸರ್ಕಾರ ಕೊಟ್ಟ ರೈತರ ಗುರುತಿನ) ನಂಬರ್ ಹಿಡಿದು ಹೋಗಿ. ಮೂರು ಪ್ರಶ್ನೆ ಕೇಳಿ: ಅಸಲು ಎಷ್ಟು, ಬಡ್ಡಿ ಎಷ್ಟು, ವಾಯಿದೆಯ ಕೊನೆಯ ದಿನ ಯಾವುದು? ಉತ್ತರವನ್ನು ಸ್ಟೇಟ್‌ಮೆಂಟ್ ರೂಪದಲ್ಲೇ ಪಡೆಯಿರಿ. ಸುಮ್ನೆ ಚೀಟಿಯಲ್ಲಿ ಬರೆದುಕೊಟ್ಟರೆ ಸಾಲದು.

ನಮ್ಮ ಮನೆಯಲ್ಲೇ ಇದರ ಪೆಟ್ಟು ತಿಂದಿದ್ದೇವೆ. "ಮಾರ್ಚ್ ಕೊನೆಗೆ ಕಟ್ರಿ, ನಡೀತದ" ಎಂದು ಆಗಿನ ಮ್ಯಾನೇಜರ್ ಹೇಳಿದ್ದರು. ಅಪ್ಪ ನಂಬಿದರು. ಅಷ್ಟರಲ್ಲಿ ಆ ಮ್ಯಾನೇಜರಿಗೆ ವರ್ಗವಾಯಿತು. ಮಾರ್ಚಿನಲ್ಲಿ ದುಡ್ಡು ಹಿಡಿದು ಹೋದಾಗ ಗೊತ್ತಾಯಿತು, ವಾಯಿದೆ ಫೆಬ್ರುವರಿಗೇ ಮುಗಿದಿತ್ತು. ಬಡ್ಡಿ ರಿಯಾಯಿತಿ ಕೈತಪ್ಪಿತು.

ಆ ರಿಯಾಯಿತಿ ಸಣ್ಣದಲ್ಲ. ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ 3 ಲಕ್ಷ ರೂಪಾಯಿವರೆಗಿನ ಬೆಳೆ ಸಾಲಕ್ಕೆ ಬಡ್ಡಿ ಶೇ 7. ವಾಯಿದೆಯೊಳಗೆ ಕಟ್ಟಿದರೆ ಅದರಲ್ಲಿ ಶೇ 3 ಕಡಿಮೆಯಾಗುತ್ತದೆ. 2 ಲಕ್ಷ ಸಾಲಕ್ಕೆ ವರ್ಷಕ್ಕೆ 14,000 ಕಟ್ಟುವ ಕಡೆ 8,000 ಕಟ್ಟಿದರೆ ಸಾಕು. ಉಳಿಯುವ 6,000ದಲ್ಲಿ ಎಷ್ಟೋ ಕೂಲಿ ಆಗುತ್ತದೆ, ಅಲ್ವಾ? ಸಹಕಾರ ಸಂಘದ ಸಾಲವಾದರೆ ಇನ್ನೂ ಎಚ್ಚರ ಬೇಕು. ಅಲ್ಲಿ 5 ಲಕ್ಷದವರೆಗೆ ಶೂನ್ಯ ಬಡ್ಡಿ ಸಿಗುವುದು ಸರಿಯಾದ ಸಮಯಕ್ಕೆ ಕಟ್ಟಿದವರಿಗೆ ಮಾತ್ರ.

ಕೈಗಡ ತರುವ ಮುಂಚೆ ಒಂದು ಮಾತು

ಸಾಲ ರಿನಿವಲ್‌ಗೆಂದು, ಅಂದರೆ ಹಳೇ ಸಾಲ ಕಟ್ಟಿ ಹೊಸದು ತೆಗೆಯಲೆಂದು, ಊರಲ್ಲಿ ಕೈಗಡ ತಂದು ಕಟ್ಟುವವರು ಬಹಳ ಜನ. "ನಾಲ್ಕು ದಿನದಲ್ಲಿ ಹೊಸ ಸಾಲ ಬರುತ್ತದೆ" ಎಂಬ ಭರವಸೆ ಮೇಲೆ ತರುತ್ತಾರೆ. ಅಧಿಕಾರಿ ಹೊಸಬರಾದರೆ ಆ ನಾಲ್ಕು ದಿನ ನಾಲ್ಕು ವಾರ ಆಗಬಹುದು. ಕೈಗಡದ ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ದುಡ್ಡು ತರುವ ಮುಂಚೆಯೇ ರಿನಿವಲ್ ಅರ್ಜಿ, ಕಾಗದಪತ್ರ ಎಲ್ಲ ಕೊಟ್ಟುಬಿಡಿ. ಪಹಣಿಯ 11ನೇ ಕಾಲಂನಲ್ಲಿ ತೀರಿದ ಹಳೇ ಸಾಲದ ಬೋಜಾ (ಜಮೀನಿನ ಮೇಲಿನ ಸಾಲದ ನಮೂದು) ಇನ್ನೂ ಕಾಣುತ್ತಿದೆಯಾ ನೋಡಿ. ಇದ್ದರೆ ಮೊದಲು ಅದನ್ನು ತೆಗೆಸಬೇಕು. ಇನ್ನೊಂದು ವಿಷಯ: 2025ರ ಜನವರಿ 1ರಿಂದ 2 ಲಕ್ಷದವರೆಗಿನ ಕೃಷಿ ಸಾಲಕ್ಕೆ ಅಡಮಾನ ಬೇಕಿಲ್ಲ ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಹೊಸ ಸಿಬ್ಬಂದಿ ಅಡಮಾನ ಕೇಳಿದರೆ ಇದನ್ನು ನೆನಪಿಸಿ.

ರಾಶಿಯಾದ ದಿನವೇ ಮಾರಬೇಕಾ?

ಎಲ್ಲರ ತೊಗರಿ ಒಟ್ಟಿಗೆ ಮಾರುಕಟ್ಟೆಗೆ ಬಂದಾಗ ದರ ಇಳಿಯುತ್ತದೆ. 2025-26ಕ್ಕೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಆ ಬೆಲೆಗೆ ಕೊಳ್ಳುವ ಖರೀದಿ ಕೇಂದ್ರದಲ್ಲಿ ಹೆಸರು ನೋಂದಾಯಿಸಲು ಎಫ್‌ಐಡಿ ಬೇಕು. ದುಡ್ಡು ಆಧಾರ್ ಜೋಡಿಸಿದ ಖಾತೆಗೆ ಬರುತ್ತದೆ. ಬ್ಯಾಂಕ್ ವಿಲೀನವಾಗಿದ್ದರೆ ಆ ಜೋಡಣೆ ಸರಿಯಿದೆಯಾ, ಐಎಫ್‌ಎಸ್‌ಸಿ ಕೋಡ್ ಬದಲಾಗಿದೆಯಾ ಎಂದು ಶಾಖೆಯಲ್ಲೇ ವಿಚಾರಿಸಿ.

ಕಾಯುವ ಮನಸ್ಸಿದ್ದರೆ ಗೋದಾಮು ರಶೀದಿ ಸಾಲ ಇದೆ. ತೊಗರಿಯನ್ನು ಚೆನ್ನಾಗಿ ಒಣಗಿಸಿ, ಸರ್ಕಾರದ ಗೋದಾಮು ಪ್ರಾಧಿಕಾರದಲ್ಲಿ ನೋಂದಣಿಯಾದ ಗೋದಾಮಿನಲ್ಲಿ ಇಡಬೇಕು. ಅವರು ತೂಕ, ಗುಣಮಟ್ಟ ನೋಡಿ ಎಲೆಕ್ಟ್ರಾನಿಕ್ ರಶೀದಿ ಕೊಡುತ್ತಾರೆ. ಅದರ ಮೇಲೆ ಬ್ಯಾಂಕ್ ಸಾಲ ಕೊಡುತ್ತದೆ. ಕಿಸಾನ್ ಕ್ರೆಡಿಟ್ ಕಾರ್ಡ್ ಇರುವ ಸಣ್ಣ, ಅತಿ ಸಣ್ಣ ರೈತರಿಗೆ ಈ ಸಾಲಕ್ಕೂ 6 ತಿಂಗಳವರೆಗೆ ಬೆಳೆ ಸಾಲದ ಬಡ್ಡಿ ದರವೇ ಸಿಗುತ್ತದೆ.

ಆದರೂ ಲೆಕ್ಕ ಹಾಕದೆ ಇಡಬೇಡಿ. 20 ಕ್ವಿಂಟಲ್ ಇಟ್ಟಿರಿ, ಅಂದಿನ ದರ 6,500 ಅಂದುಕೊಳ್ಳೋಣ. ಮಾಲಿನ ಬೆಲೆ 1.30 ಲಕ್ಷ. ಬ್ಯಾಂಕ್ ನೂರಕ್ಕೆ 70ರಂತೆ ಕೊಟ್ಟರೆ 91,000 ಸಾಲ. ಶೇ 7ರಂತೆ 6 ತಿಂಗಳಿಗೆ ಬಡ್ಡಿ ಸುಮಾರು 3,200. ಅಂದರೆ ಕ್ವಿಂಟಲ್‌ಗೆ 160 ರೂಪಾಯಿ. ಅದರ ಮೇಲೆ ಗೋದಾಮಿನ ಬಾಡಿಗೆ, ಸಾಗಾಟ. ದರ ಇಷ್ಟಕ್ಕಿಂತ ಜಾಸ್ತಿ ಏರುವ ಲಕ್ಷಣ ಇದ್ದರೆ ಮಾತ್ರ ಇಡಿ. ಬೆಂಬಲ ಬೆಲೆಗೆ ಮಾರಲು ಅವಕಾಶವಿದ್ದರೆ ಅಲ್ಲಿ ಕೊಡುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಕೊಯ್ದಿಟ್ಟ ಮೇಲೆ ಮಳೆ ಬಂದರೆ

ಫಸಲ್ ಬಿಮಾ ಬೆಳೆ ವಿಮೆಯಲ್ಲಿ ತೊಗರಿಗೆ ರೈತರ ಪಾಲಿನ ಕಂತು ಶೇ 2ರವರೆಗೆ. ಅದು ನಿಮ್ಮ ಸಾಲದ ಖಾತೆಯಿಂದ ನಿಜವಾಗಿ ಹೋಗಿದೆಯಾ ಎಂದು ಸ್ಟೇಟ್‌ಮೆಂಟಿನಲ್ಲೇ ನೋಡಿ. ಕೊಯ್ದು ಹೊಲದಲ್ಲಿ ಒಣಗಲು ಬಿಟ್ಟ ಬೆಳೆಗೂ 14 ದಿನ ರಕ್ಷಣೆ ಇದೆ. ಅಕಾಲಿಕ ಮಳೆಗೆ ಹಾಳಾದರೆ 72 ಗಂಟೆಯೊಳಗೆ ಬೆಳೆ ವಿಮೆ ಸಹಾಯವಾಣಿ 14447ಕ್ಕೆ ಫೋನ್ ಮಾಡಿ, ಫೋಟೊ ತೆಗೆದಿಡಿ. ಹೊಸ ಫೀಲ್ಡ್ ಆಫೀಸರ್ ಬಂದು ನೋಡಲಿ ಎಂದು ಕಾಯುತ್ತ ಕೂತರೆ ಗಡುವು ಮುಗಿದುಹೋಗುತ್ತದೆ.

ಕೆಲಸ ಆಗದಿದ್ದರೆ

"ನಾನು ಮೊನ್ನೆ ಬಂದವನು, ನೋಡ್ತೀನಿ" ಎಂಬ ಉತ್ತರ ಒಮ್ಮೆ ಕೇಳಿದರೆ ತಾಳ್ಮೆ ಇರಲಿ. ಅವರಿಗೂ ನೂರಾರು ಖಾತೆ ಒಮ್ಮೆಗೇ ಬಂದಿರುತ್ತವೆ. ಎರಡನೇ ಸಲವೂ ಅದೇ ಆದರೆ ಅರ್ಜಿ ಬರೆದುಕೊಟ್ಟು, ಇನ್ನೊಂದು ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಬ್ಯಾಂಕಿನ ಪ್ರಾದೇಶಿಕ ಕಚೇರಿಗೂ ಒಂದು ಪ್ರತಿ ಕಳಿಸಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಗೆ) ದೂರು ಕೊಡಬಹುದು. ಹೇಗೆಂದು ತಿಳಿಯಲು 14448ಕ್ಕೆ ಫೋನ್ ಮಾಡಿ. ದೂರಿಗೆ ಖರ್ಚಿಲ್ಲ, ವಕೀಲರೂ ಬೇಕಿಲ್ಲ. ಸೀಲು ಹಾಕಿಸಿದ ಆ ಪ್ರತಿ ಮಾತ್ರ ನಿಮ್ಮ ಹತ್ತಿರ ಇರಬೇಕು.