ಖಾರದ ಸಿಗಾರನ್ನು ಸವಿಯುವ ಬಗೆ: ನನ್ನ ಅನುಭವ

ಖಾರವಿರುವ ಸಿಗಾರ್ ಎಂದರೆ ತಲೆ ತಿರುಗಿಸುವಷ್ಟು ಕಡುವಾದ ಸಿಗಾರ್ ಎಂದೇ ಬಹಳ ಜನ ತಿಳಿದಿದ್ದಾರೆ. ಧಾರವಾಡದ ನನ್ನ ಗೆಳೆಯರಲ್ಲಿ ಕೆಲವರು ಕಪ್ಪು ಬಣ್ಣದ ಸಿಗಾರನ್ನು ಕಂಡೊಡನೆ "ಇದು ನಮ್ಮಿಂದ ಆಗೂದಿಲ್ಲ ಬಿಡಪಾ" ಎಂದು ಹಿಂದೆ ಸರಿದದ್ದುಂಟು. ಬ್ಯಾಡಗಿ ಮೆಣಸಿನಕಾಯಿಯ ಕಡುಗೆಂಪನ್ನು ನೋಡಿ ಅದರ ಖಾರವನ್ನು ಅಳೆಯಬಾರದೆಂಬುದು ನಮ್ಮ ಭಾಗದ ಅಡುಗೆಮನೆಗಳಿಗೆಲ್ಲ ಗೊತ್ತು. ಸಿಗಾರಿನ ಬಣ್ಣದ ವಿಷಯದಲ್ಲೂ ಅದೇ ಎಚ್ಚರ ಬೇಕು. ಮಡುರೊ ಎಂಬ ಹೊರ ಎಲೆ, ಅಂದರೆ ಸಿಗಾರಿನ ಮೇಲೆ ಸುತ್ತುವ ತಂಬಾಕಿನ ಎಲೆ, ಕಪ್ಪಾಗುವುದು ಹೆಚ್ಚು ಕಾಲ, ಹೆಚ್ಚು ಬಿಸಿಯಲ್ಲಿ ಹದಗೊಂಡದ್ದರಿಂದ, ಮತ್ತು ಅದರ ರುಚಿ ಬಹುಮಟ್ಟಿಗೆ ಸಿಹಿಯ ಕಡೆಗೇ ವಾಲುತ್ತದೆ.

ನಾನು ಸವಿಯುವಾಗ ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ಗಮನಿಸುತ್ತೇನೆ. ಖಾರ ತಿಳಿಯುವುದು ಮೂಗು ಮತ್ತು ಗಂಟಲಲ್ಲಿ. ಹೊಗೆಯ ಮೈ, ಅಂದರೆ ಅದರ ದಪ್ಪ ಮತ್ತು ತೂಕ, ತಿಳಿಯುವುದು ನಾಲಿಗೆಯ ಮೇಲೆ. ನಿಕೋಟಿನ್‌ನ ಕಸುವು ತಿಳಿಯುವುದು ಸ್ವಲ್ಪ ಹೊತ್ತಿನ ನಂತರ, ತಲೆ ಮತ್ತು ಹೊಟ್ಟೆಯಲ್ಲಿ. ಗಿಡದ ತುದಿಯಲ್ಲಿ ಹೆಚ್ಚು ಬಿಸಿಲುಂಡು ದಪ್ಪವಾಗುವ ಲಿಹೇರೊ ಎಲೆ ಈ ಕಸುವಿನ ಮುಖ್ಯ ಮೂಲ. ಅದು ನಿಧಾನವಾಗಿ ಉರಿಯುವುದರಿಂದ ಸಿಗಾರಿನ ನಡುವೆ ಇಟ್ಟು ಸುತ್ತುತ್ತಾರೆ. ಖಾರಕ್ಕೆ ಹೆಸರಾದ ನಿಕರಾಗುವಾದ ಎಲೆಗಳಲ್ಲೂ ಎಸ್ತೆಲಿ ಪ್ರದೇಶದ ಎಲೆ ಗಡಸು, ಹಲಾಪಾ ಪ್ರದೇಶದ ಎಲೆ ಮೃದು. ಎರಡನ್ನೂ ಹದವಾಗಿ ಬೆರೆಸಿದ ಸಿಗಾರೇ ನನಗೆ ಹೆಚ್ಚು ಇಷ್ಟ.

ನಮ್ಮ ಊರಲ್ಲಿ ಅರ್ಧ ಕೆಲಸ ಕೆಡುವುದು ತೇವಾಂಶದಿಂದ. ಮಳೆಗಾಲದ ಧಾರವಾಡದಲ್ಲಿ ಹೊರಗಿಟ್ಟ ಸಿಗಾರ್ ಉಬ್ಬಿ, ಎಳೆದರೆ ಹೊಗೆ ಬಾರದೆ, ಒಂದೇ ಪಕ್ಕ ಉರಿಯುತ್ತದೆ. ಮಾರ್ಚ್, ಏಪ್ರಿಲ್‌ನ ಒಣ ಹವೆಯಲ್ಲಿ ಹೊರ ಎಲೆ ಬಿರಿದು, ಬೇಗ ಉರಿದು, ಖಾರವೆಲ್ಲ ಬರೀ ಕಹಿಯಾಗುತ್ತದೆ. ಆದ್ದರಿಂದ ಗಾಳಿಯಾಡದಂತೆ ಮುಚ್ಚುವ ಡಬ್ಬಿಯಲ್ಲಿ ತೇವಾಂಶ ಕಾಯುವ ಪೊಟ್ಟಣವನ್ನಿಟ್ಟು, ಒಳಗಿನ ತೇವಾಂಶ ಶೇಕಡಾ 65ರಿಂದ 70ರ ನಡುವೆ ಇರುವಂತೆ ನೋಡಿಕೊಳ್ಳುತ್ತೇನೆ. ತೇವಾಂಶ ಮಾಪಕವನ್ನು ಕಣ್ಣುಮುಚ್ಚಿ ನಂಬುವುದಿಲ್ಲ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಕೆಲವೇ ಹನಿ ನೀರು ಹಾಕಿ ಒದ್ದೆ ಮರಳಿನ ಹದಕ್ಕೆ ತಂದು, ಮಾಪಕದೊಂದಿಗೆ ಜಿಪ್ ಚೀಲದಲ್ಲಿ ಮುಚ್ಚಿ ಒಂದು ರಾತ್ರಿ ಬಿಟ್ಟರೆ, ಸರಿಯಾದ ಮಾಪಕ 75ನ್ನು ತೋರಿಸಬೇಕು. ಎಷ್ಟು ಹೆಚ್ಚುಕಡಿಮೆಯಾಗಿದೆಯೋ ಅಷ್ಟನ್ನು ಚೀಟಿಯಲ್ಲಿ ಬರೆದು ಅದರ ಬೆನ್ನಿಗೆ ಅಂಟಿಸಿಡುತ್ತೇನೆ. ದುಬಾರಿ ಮರದ ಪೆಟ್ಟಿಗೆಗಿಂತ ಈ ಲೆಕ್ಕ ಮುಖ್ಯವೆಂಬುದು ನನ್ನ ಅಭಿಪ್ರಾಯ.

ಕತ್ತರಿಸುವಾಗ ಬಾಯಿಗಿಡುವ ತುದಿಯನ್ನು ಮುಚ್ಚಿರುವ ಎಲೆಯ ಟೊಪ್ಪಿಯನ್ನು ಸುಮಾರು 2 ಮಿಲಿಮೀಟರ್ ಮಾತ್ರ ತೆಗೆಯಬೇಕು. ಅದಕ್ಕಿಂತ ಕೆಳಗೆ ಹೋದರೆ ಹೊರ ಎಲೆ ಬಿಚ್ಚಿಕೊಳ್ಳುತ್ತದೆ. ಪೆಟ್ರೋಲ್ ಲೈಟರಿನ ವಾಸನೆ ಎಲೆಗೆ ಹತ್ತುವುದರಿಂದ ಬ್ಯೂಟೇನ್ ಲೈಟರ್ ಇಲ್ಲವೆ ಉದ್ದನೆಯ ಬೆಂಕಿಕಡ್ಡಿ ಬಳಸುತ್ತೇನೆ.

ಸವಿಯಲು ನಾನು ಆರಿಸುವುದು ರೋಬಸ್ಟೊ ಅಳತೆಯನ್ನು: ಉದ್ದ 5 ಇಂಚು, ದಪ್ಪ 50, ಅಂದರೆ ಇಂಚಿನ 64 ಭಾಗಗಳಲ್ಲಿ 50. ಹೊಗೆಯನ್ನು ಶ್ವಾಸಕೋಶಕ್ಕೆ ಎಳೆಯುವುದಿಲ್ಲ. ಬಾಯಿಯಲ್ಲಿ ಕ್ಷಣಕಾಲ ಹಿಡಿದು, ಬಹುಪಾಲನ್ನು ಹೊರಬಿಟ್ಟು, ಉಳಿದ ಸ್ವಲ್ಪವನ್ನು ಮೂಗಿನಿಂದ ಮೆಲ್ಲಗೆ ಹೊರದೂಡುತ್ತೇನೆ. ಖಾರದ ನಿಜವಾದ ಗುಣ ಗೊತ್ತಾಗುವುದು ಇಲ್ಲಿಯೇ. ಸಿಗಾರಿನ ಮೊದಲ ಮೂರನೇ ಒಂದು ಭಾಗದಲ್ಲಿ ಆಗತಾನೆ ಕುಟ್ಟಿದ ಕರಿಮೆಣಸು ಮೂಗಿಗೆ ಚುರುಕ್ಕೆನ್ನುತ್ತದೆ, ಕಣ್ಣಂಚು ತೇವವಾಗುತ್ತದೆ. ಚೆನ್ನಾಗಿ ಹದಗೊಂಡ ಎಲೆಯಾದರೆ ಆ ಚುರುಕು ನಾಲ್ಕೈದು ಉಸಿರಿನೊಳಗೆ ಇಳಿದು, ಹಿಂದಿನಿಂದ ದಾಲ್ಚಿನ್ನಿಯ ಬೆಚ್ಚನೆಯ ಘಮ ಮೇಲೇಳುತ್ತದೆ. ಹದ ಸಾಲದ ಎಲೆಯಾದರೆ ಅಮೋನಿಯದ ಘಾಟು ಮೂಗಿನಲ್ಲೇ ಉಳಿಯುತ್ತದೆ. ಅದನ್ನು ಖಾರವೆಂದು ನಾನು ಒಪ್ಪುವುದಿಲ್ಲ. ನಡುಭಾಗದಲ್ಲಿ ಮೆಣಸು ಹಿಂದೆ ಸರಿದು ಕೋಕೋ, ಹುರಿದ ಕಾಫಿಬೀಜ, ಹದಮಾಡಿದ ಚರ್ಮದ ವಾಸನೆಗಳು ಬರುತ್ತವೆ, ಹೊಗೆ ಇನ್ನಷ್ಟು ದಪ್ಪವಾಗುತ್ತದೆ. ನಿಮಿಷಕ್ಕೊಮ್ಮೆ ಎಳೆದರೆ ಸಾಕು. ಅವಸರದಿಂದ ಎಳೆದಾಗ ಕೆಂಡ ವಿಪರೀತ ಕಾದು ಈ ರುಚಿಗಳೆಲ್ಲ ಸುಟ್ಟುಹೋಗುತ್ತವೆ.

ಸಿಗಾರಿನ ಹೊಗೆ ಕ್ಷಾರೀಯವಾದ್ದರಿಂದ ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಸೇರುತ್ತದೆ. ಹಾಗಾಗಿ ಬರಿಹೊಟ್ಟೆಯಲ್ಲಿ ಎಂದೂ ಹಚ್ಚುವುದಿಲ್ಲ; ರೊಟ್ಟಿ ಊಟವಾದ ಮೇಲೆ, ಒಂದು ತುಂಡು ಬೆಲ್ಲ ಮತ್ತು ನೀರನ್ನು ಪಕ್ಕದಲ್ಲಿಟ್ಟುಕೊಂಡೇ ಕೂರುತ್ತೇನೆ. ಹಣೆ ಬೆವರಿ ಹೊಟ್ಟೆ ತೊಳಸಿದರೆ ಎಷ್ಟೇ ಉಳಿದಿರಲಿ ಅಲ್ಲಿಗೇ ಬಿಡುತ್ತೇನೆ. ಹೊಗೆ ಒಳಗೆ ಎಳೆಯದಿದ್ದರೂ ಬಾಯಿ ಮತ್ತು ಗಂಟಲಿನ ಕ್ಯಾನ್ಸರಿನ ಅಪಾಯ ತಪ್ಪುವುದಿಲ್ಲ, ಪಕ್ಕದವರಿಗೂ ಹೊಗೆ ಕೆಟ್ಟದ್ದೇ. ಆದ್ದರಿಂದ ಅಪರೂಪಕ್ಕೊಮ್ಮೆ, ಮಾಳಿಗೆಯ ಮೇಲೆ, ಮನೆಯವರಿಂದ ದೂರ ಕೂತು ಸೇದುತ್ತೇನೆ. ಕೊನೆಯ ಭಾಗದಲ್ಲಿ ಬೆರಳಿಗೆ ಬಿಸಿ ತಟ್ಟಿ ಖಾರ ಕಹಿಗೆ ತಿರುಗಿದಾಗ ಬೂದಿತಟ್ಟೆಯಲ್ಲಿ ಇಟ್ಟುಬಿಡುತ್ತೇನೆ. ಒತ್ತಿ ನಂದಿಸಿದರೆ ಕಮಟು ವಾಸನೆ ಮರುದಿನದವರೆಗೂ ಹೋಗುವುದಿಲ್ಲ.