ನೆಲನೆಲ್ಲಿಯ ಪರೀಕ್ಷೆ: ಗುಣಕ್ಕೆ ಮೊದಲು ಗುರುತು

ಪ್ರಾಜೆಕ್ಟಿಗೆಂದು ನನ್ನ ಪ್ರಯೋಗಾಲಯಕ್ಕೆ ಬರುವ ವಿದ್ಯಾರ್ಥಿಗಳು ಹೆಚ್ಚಾಗಿ ಗ್ರಂಧಿಗೆ ಅಂಗಡಿಯ ಪೊಟ್ಟಣ ಹಿಡಿದಿರುತ್ತಾರೆ. "ನೆಲನೆಲ್ಲಿ ಪುಡಿ ಮೇಡಂ, ಕಾಮಾಲೆಗೆ." ಪುಡಿಯಾದ ಮೇಲೆ ಜಾತಿ ಹೇಳುವವರು ಯಾರು? ಹೂಕಾಯಿ ಇರುವ ಗಿಡವನ್ನು ಬೇರುಸಹಿತ ಕಿತ್ತು ತನ್ನಿ ಎಂದು ವಾಪಸು ಕಳಿಸುತ್ತೇನೆ. ನಮ್ಮಜ್ಜಿ ಹಿತ್ತಲಿನದನ್ನೇ ಕಿತ್ತು ಮಜ್ಜಿಗೆಯಲ್ಲಿ ಅರೆದು ಕೊಡುತ್ತಿದ್ದಳು. ಅವಳಿಗೆ ಈ ತಾಪತ್ರಯ ಇರಲಿಲ್ಲ.

ರೆಂಬೆಯನ್ನು ಮಗುಚಿ ಮಸೂರದಲ್ಲಿ ನೋಡಿ. ಕಾಯಿ ನುಣುಪಾಗಿದ್ದು, ಹೂವಿನ ಪುಷ್ಪಪತ್ರ (ಎಸಳಿನಂಥ ಭಾಗ) 5 ಇದ್ದರೆ ನಮಗೆ ಬೇಕಾದ ನೆಲನೆಲ್ಲಿ, ಅಂದರೆ ಫಿಲಾಂಥಸ್ ಅಮಾರಸ್ ಇರಬಹುದು. ಕಾಂಡ ಕೆಂಪಗಿದ್ದು ಕಾಯಿ ತರಿತರಿಯಾಗಿದ್ದರೆ ಅದು ಅದೇ ಕುಲದ ಇನ್ನೊಂದು ಜಾತಿ, ಫಿಲಾಂಥಸ್ ಯುರಿನೇರಿಯಾ. ಒಂದು ಗಿಡವನ್ನು ಪತ್ರಿಕೆಯ ನಡುವೆ ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ, ಊರು ಮತ್ತು ದಿನಾಂಕ ಬರೆದು ಸಸ್ಯಶಾಸ್ತ್ರಜ್ಞರಿಂದ ಖಚಿತಪಡಿಸಿಕೊಳ್ಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಒಳ್ಳೆಯ ಸಸ್ಯಸಂಗ್ರಹಾಲಯವಿದೆ.

ಉಳಿದ ಗಿಡಗಳನ್ನು ತೊಳೆದು ನೆರಳಿನಲ್ಲಿ ಒಣಗಿಸಿ ಪುಡಿ ಮಾಡಿ. ಬೇರಿನ ಮಣ್ಣು ಹೋಗಿದೆಯೇ? 2 ಗ್ರಾಂ ಪುಡಿಯನ್ನು ಮೂಸೆಯಲ್ಲಿ ಸುಟ್ಟು, ಬೂದಿಯನ್ನು ಸಾರಗುಂದಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 5 ನಿಮಿಷ ಕುದಿಸಿ ಸೋಸಿದರೆ, ಕರಗದೆ ಉಳಿದದ್ದು ಬಹುಪಾಲು ಮರಳು.

ಇನ್ನು ತೆಳುಪದರ ಕ್ರೊಮ್ಯಾಟೊಗ್ರಫಿ, ಅಂದರೆ ಸಾರದಲ್ಲಿರುವ ಸಂಯುಕ್ತಗಳನ್ನು ಫಲಕದ ಮೇಲೆ ಬೇರ್ಪಡಿಸಿ ನೋಡುವ ವಿಧಾನ. 1 ಗ್ರಾಂ ಪುಡಿಗೆ 10 ಮಿಲಿಲೀಟರ್ ಮೆಥನಾಲ್ ಹಾಕಿ ನೀರಿನ ಹಬೆಯಲ್ಲಿ ಬಿಸಿ ಮಾಡಿ ಸೋಸಿ. ಹತ್ತಿರ ಬೆಂಕಿ ಬೇಡ. ಸಿಲಿಕಾ ಫಲಕದ ಮೇಲೆ ಗೆರೆ ಎಳೆಯಲು ಪೆನ್ಸಿಲೇ ಆಗಬೇಕು. ಕಳೆದ ವರ್ಷ ಒಬ್ಬಳು ಪೆನ್ನಿನಲ್ಲಿ ಎಳೆದು, ಶಾಯಿಯೇ ಮೇಲೇರಿದ ನೀಲಿ ಪಟ್ಟಿಯನ್ನು ಹೊಸ ಸಂಯುಕ್ತವೆಂದು ಸಂಭ್ರಮಿಸಿದಳು! ಗೆರೆಯ ಮೇಲೆ ನಿಮ್ಮ ಸಾರದ ಚುಕ್ಕೆ, ಪಕ್ಕದಲ್ಲಿ ಈ ಗಿಡದಲ್ಲಿರುವ ಸಂಯುಕ್ತವಾದ ಫಿಲಾಂಥಿನ್‌ನ ಶುದ್ಧ ಚುಕ್ಕೆ, ಆಸೆಯಿದ್ದರೆ ಅಂಗಡಿ ಪುಡಿಯದೂ ಒಂದು. ಹೆಕ್ಸೇನ್ ಮತ್ತು ಈಥೈಲ್ ಅಸಿಟೇಟ್ 2:1 ಮಿಶ್ರಣದಲ್ಲಿ ನಿಲ್ಲಿಸಿ. ದ್ರವ ಗೆರೆಗಿಂತ ಕೆಳಗಿರಲಿ. ಒಣಗಿದ ಮೇಲೆ 254 ನ್ಯಾನೊಮೀಟರ್ ಅತಿನೇರಳೆ ದೀಪದಡಿ ಹಸಿರು ಹೊಳಪಿನಲ್ಲಿ ಕಪ್ಪು ಕಲೆಗಳು ಕಾಣುತ್ತವೆ. ಫಿಲಾಂಥಿನ್ ಕಲೆಯ ಎತ್ತರದಲ್ಲೇ ನಿಮ್ಮ ಸಾರದ್ದೂ ಒಂದು ಕಲೆ ನಿಂತಿದೆಯೇ ನೋಡಿ.

ಇಷ್ಟಕ್ಕೇ ಮದ್ದು ಸಿಕ್ಕಿತೆಂದು ಹಾರಾಡಬೇಡಿ. 1988ರಲ್ಲಿ ಪ್ರಕಟವಾದ ಮದ್ರಾಸಿನ ಅಧ್ಯಯನದಲ್ಲಿ ಈ ಗಿಡದ ಪುಡಿ ಸೇವಿಸಿದ 37 ಹೆಪಟೈಟಿಸ್ ಬಿ (ಕಾಮಾಲೆ ತರಬಲ್ಲ ವೈರಸ್ ಸೋಂಕು) ವಾಹಕರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಹುಸಿಮದ್ದು ಪಡೆದ 23 ಮಂದಿಯಲ್ಲಿ ಒಬ್ಬರಿಗೆ ಮಾತ್ರ. ಮುಂದೆ ಬೇರೆಡೆ ನಡೆದ ಪರೀಕ್ಷೆಗಳಲ್ಲಿ ಆ ಫಲ ಮರುಕಳಿಸಲಿಲ್ಲ. ಹಾಗಾಗಿ ವರದಿಯಲ್ಲಿ "ಕಾಮಾಲೆ ವಾಸಿಯಾಗುತ್ತದೆ" ಎಂದಿದ್ದರೆ ಕೆಂಪು ಗೀಟು ಎಳೆಯುತ್ತೇನೆ. ಫಿಲಾಂಥಿನ್‌ಗೆ ಹೊಂದುವ ಕಲೆ ಕಂಡಿತು ಎಂದಷ್ಟೇ ಬರೆಯಿರಿ, ಒತ್ತಿಟ್ಟ ಗಿಡದ ಹಾಳೆಯ ಸಂಖ್ಯೆಯನ್ನೂ ಸೇರಿಸಿ.